ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ

ಗೋಲ್ಕೊಂಡ ಕೋಟೆಯ ನೀರಿನ ವ್ಯವಸ್ಥೆ ಬಗ್ಗೆ ಮಾಡ್ತೀನಿ ಅಂತ ಹೋದ ಸಲ ಹೇಳಿದ್ದೆ. ಅದು ಮುಂದಕ್ಕೆ ಹೋಗಿದೆ, ಕ್ಷಮಿಸಿ. ಈ ಸಲ ರಾಜರೂ ಇಲ್ಲ, ಕೋಟೆಯೂ ಇಲ್ಲ. ಇವತ್ತಿನದು ಕಣ್ಣಿನ ಇತಿಹಾಸ, ಅದರಲ್ಲೂ ಒಂದೇ ಕಣ್ಣಿನದ್ದು. ವಿಡಿಯೋದಲ್ಲಿ ಅವಸರಕ್ಕೆ ಕೆಲವು ಕಡೆ ಓಡಿಸಿಬಿಟ್ಟಿದ್ದೆ. ಇಲ್ಲಿ ಬರಹದಲ್ಲಿ ನಿಧಾನಕ್ಕೆ ಬಿಡಿಸಿ ಹೇಳ್ತೀನಿ.

ನಮ್ಮ ಮನೆಗೆ ಈ ವಿಷಯ ಬಂದದ್ದು ನಾಂಪಲ್ಲಿಯ ನುಮಾಯಿಷ್‌ನಿಂದ. ಹೈದರಾಬಾದಿನಲ್ಲಿ ಒಂದು ಜನವರಿ ಕಳೆದವರಿಗೆಲ್ಲ ಆ ಜಾತ್ರೆ ಗೊತ್ತಿರುತ್ತೆ. ಮಗಳಿಗೆ ಆಗ ಏಳು ವರ್ಷ. ಹಟ ಮಾಡಿ ನೂರು ರೂಪಾಯಿಯ ಪ್ಲಾಸ್ಟಿಕ್ ದುರ್ಬೀನು ಕೊಡಿಸಿಕೊಂಡಳು. ಬಲಗಣ್ಣಿಗೆ ಇಟ್ಟುಕೊಂಡು ಜೈಂಟ್ ವ್ಹೀಲ್ ನೋಡಿದಳು, ಖುಷಿಯಾದಳು. ಆಮೇಲೆ ಎಡಗಣ್ಣಿಗೆ ಇಟ್ಟುಕೊಂಡು, "ಅಪ್ಪಾ, ಈ ಕಡೆಯಿಂದ ಇದು ಕೆಲಸ ಮಾಡಲ್ಲ" ಅಂದಳು. ನಾನು ದುರ್ಬೀನು ಇಸ್ಕೊಂಡು, ಅಂಗಿಯಿಂದ ಒರೆಸಿ ವಾಪಸ್ ಕೊಟ್ಟೆ. ಮತ್ತೆ ಅದೇ ಮಾತು. ಅವಳು 'ಈ ಕಡೆ' ಅಂದದ್ದು ದುರ್ಬೀನಿನ ಕಡೆ ಅಲ್ಲ, ತನ್ನ ಮುಖದ ಕಡೆ ಅಂತ ನನ್ನ ತಲೆಗೆ ಹೋಗೋಕೆ ಹತ್ತು ನಿಮಿಷ ಬೇಕಾಯ್ತು. ಅಂಗೈಯಿಂದ ಅವಳ ಬಲಗಣ್ಣು ಮುಚ್ಚಿ, ಎದುರಿನ ಅಂಗಡಿಯ ಬೋರ್ಡ್ ಓದು ಅಂದೆ. ಸುಮ್ಮನೆ ನಿಂತಳು. ಆಮೇಲೆ ಕೇಳಿದಳು: "ಎಡಗಣ್ಣು ಎಲ್ಲರಿಗೂ ಹಂಗೇ ಅಲ್ವಾ?"

ಮೂರು ದಿನದ ನಂತರ ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲ ಮಾಡಿ ನೋಡಿದಾಗ ಬಲಗಣ್ಣಿಗೆ ಮೈನಸ್ 0.5, ಎಡಗಣ್ಣಿಗೆ ಮೈನಸ್ 5.5. ಒಂದೇ ಮುಖ, ಐದು ಡಯಾಪ್ಟರ್ ವ್ಯತ್ಯಾಸ. ಗಾಜು ಇಟ್ಟರೂ ಎಡಗಣ್ಣು ಚಾರ್ಟಿನಲ್ಲಿ 6/24 ಸಾಲು ದಾಟಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂತ ನಮ್ಮಲ್ಲಿ ಪಕ್ಷಪಾತಕ್ಕೆ ಹೇಳ್ತಾರಲ್ಲ, ಅದು ಅಕ್ಷರಶಃ ಹೀಗೂ ಇರಬಹುದು ಅಂತ ನಾನು ಅಂದುಕೊಂಡಿರಲಿಲ್ಲ.

ಶಾಲೆಯಲ್ಲಿ ಎರಡು ವರ್ಷ ಕಣ್ಣಿನ ತಪಾಸಣೆ ಆಗಿತ್ತು. ಎರಡೂ ಸಲ ನಾರ್ಮಲ್ ಅಂತ ಚೀಟಿ ಬಂದಿತ್ತು. ಹೆಂಗೆ ಪಾಸಾದೆ ಅಂತ ಮಗಳನ್ನೇ ಕೇಳಿದೆ. "ಒಂದು ಕಣ್ಣು ಮುಚ್ಕೋ ಅಂದ್ರು. ಕೈಯಿಂದ ಮುಚ್ಕೊಂಡೆ. ಬೆರಳ ಸಂದಿಯಿಂದ ಕಾಣಿಸ್ತಿತ್ತಲ್ಲ" ಅಂದಳು. ಮೋಸ ಮಾಡಬೇಕು ಅಂತಲ್ಲ ಪಾಪ, ಓದು ಅಂದರು, ಓದಿದಳು.

ನಮ್ಮ ಕೆಲಸದ ಭಾಷೆಯಲ್ಲಿ ಹೇಳಬೇಕು ಅಂದರೆ, ಎರಡು ಸರ್ವರ್‌ಗಳ ಮುಂದೆ ಒಂದು ಲೋಡ್ ಬ್ಯಾಲೆನ್ಸರ್ ಇದೆ. ಒಂದು ಸರ್ವರ್ ಬಿದ್ದಿದೆ. ಟ್ರಾಫಿಕ್ಕೆಲ್ಲ ಇನ್ನೊಂದಕ್ಕೆ ಹೋಗ್ತಿದೆ, ಹೊರಗಿನಿಂದ ನೋಡಿದರೆ ಸೈಟ್ ಅಪ್, ಡ್ಯಾಶ್‌ಬೋರ್ಡ್ ಹಸಿರು. ಅಲರ್ಟ್ ಬರೋದೇ ಇಲ್ಲ. ಎರಡೂ ಕಣ್ಣು ಒಂದೇ ರೀತಿ ಮಂದವಾದ ಮಗು ಟಿವಿ ಹತ್ತಿರ ಹೋಗಿ ಕೂರುತ್ತೆ, ಕಪ್ಪುಹಲಗೆ ಕಾಣಲ್ಲ ಅನ್ನುತ್ತೆ, ಟೀಚರ್ ಮನೆಗೆ ಹೇಳಿ ಕಳಿಸ್ತಾರೆ. ಒಂದೇ ಕಣ್ಣು ಮಂದವಾದ ಮಗು ಏನೂ ಹೇಳಲ್ಲ. ಚೆನ್ನಾಗಿರೋ ಕಣ್ಣು ಎಲ್ಲವನ್ನೂ ಮುಚ್ಚಿಹಾಕುತ್ತೆ. ಈ ಸ್ಥಿತಿಗೆ ವೈದ್ಯರ ಭಾಷೆಯಲ್ಲಿ ಅನೈಸೋಮೆಟ್ರೋಪಿಯಾ ಅಂತಾರೆ, ಎರಡು ಕಣ್ಣಿನ ಅಳತೆ ಸಮ ಇಲ್ಲದಿರುವುದು. ಇದನ್ನು ಕಂಡುಹಿಡಿಯೋಕೆ ಇರುವ ಸರಳ ಉಪಾಯ ಒಂದೇ, ಒಂದು ಕಣ್ಣು ಮುಚ್ಚಿ ನೋಡೋದು. ಇಷ್ಟು ಸಣ್ಣ ಕೆಲಸಕ್ಕೆ ಏನಪ್ಪಾ ಇತಿಹಾಸ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ.

1583ರಲ್ಲಿ ಡ್ರೆಸ್ಡೆನ್‌ನಲ್ಲಿ ಗಿಯೋರ್ಗ್ ಬಾರ್ಟಿಷ್ ಎಂಬ ಕಣ್ಣಿನ ವೈದ್ಯ ಒಂದು ದೊಡ್ಡ ಚಿತ್ರಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಮೆಳ್ಳಗಣ್ಣಿನ ಮಕ್ಕಳಿಗೆ ತೊಡಿಸುವ ಮುಖವಾಡಗಳಿವೆ. ಇಡೀ ಮುಖ ಮುಚ್ಚಿ, ಕಣ್ಣಿನ ಜಾಗದಲ್ಲಿ ತೂತು ಬಿಟ್ಟಿರುತ್ತಾರೆ, ಕಣ್ಣು ನೆಟ್ಟಗೆ ನೋಡಲೇಬೇಕು ಅಂತ. ಇಲ್ಲಿ ಮುಖ ಮುಚ್ಚಿದರೇ ಹೊರತು ಒಂದು ಕಣ್ಣನ್ನು ಮುಚ್ಚುವ ಯೋಚನೆ ಬರಲಿಲ್ಲ. ಕಣ್ಣು ಸೊಟ್ಟ ಹೋಗೋದೇ ರೋಗ, ಅದನ್ನು ನೆಟ್ಟಗೆ ಮಾಡಿದರೆ ಆಯ್ತು ಅನ್ನೋ ಲೆಕ್ಕ.

ಈ ಲೆಕ್ಕವನ್ನು ತಿರುಗಿಸಿ ಹಾಕಿದವನು ವೈದ್ಯನೇ ಅಲ್ಲ. ಫ್ರಾನ್ಸಿನ ಬುಫಾನ್, ಮುಂದೆ ಪ್ರಾಣಿಪಕ್ಷಿಗಳ ಬಗ್ಗೆ ಸಂಪುಟದ ಮೇಲೆ ಸಂಪುಟ ಬರೆದ ನಿಸರ್ಗ ವಿಜ್ಞಾನಿ. 1743ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಮೆಳ್ಳಗಣ್ಣಿನ ಕಾರಣದ ಬಗ್ಗೆ ಒಂದು ಪ್ರಬಂಧ ಕೊಟ್ಟ. ಮೆಳ್ಳಗಣ್ಣಿನವರನ್ನು ಕೂರಿಸಿ, ಒಂದೊಂದೇ ಕಣ್ಣಿನಿಂದ ಎಷ್ಟು ದೂರದ ಅಕ್ಷರ ಓದಬಲ್ಲರು ಅಂತ ಅಳೆದ. ಬಹಳ ಜನರಲ್ಲಿ ಎರಡು ಕಣ್ಣಿನ ಶಕ್ತಿ ಬೇರೆಬೇರೆ ಇತ್ತು. ಮಂದವಾದ ಕಣ್ಣಿನ ಚಿತ್ರ ಚೆನ್ನಾದ ಕಣ್ಣಿನ ಚಿತ್ರಕ್ಕೆ ಅಡ್ಡಿ ಮಾಡುತ್ತೆ, ಅದಕ್ಕೇ ಆ ಕಣ್ಣನ್ನು ಪಕ್ಕಕ್ಕೆ ಸರಿಸಿಬಿಡ್ತಾರೆ ಅಂತ ಅವನ ವಾದ. ಅಂದರೆ ಸೊಟ್ಟ ಅನ್ನೋದು ಫಲ, ಅಸಮಾನತೆ ಅನ್ನೋದು ಬೀಜ. ಪರಿಹಾರವಾಗಿ ಅವನು ಹೇಳಿದ್ದು, ಚೆನ್ನಾದ ಕಣ್ಣನ್ನು ಕೆಲವು ಕಾಲ ಕಟ್ಟಿಹಾಕಿ, ಮಂದ ಕಣ್ಣಿಗೆ ಕೆಲಸ ಕೊಡಿ. ಎರಡರ ನಡುವಿನ ಅಂತರ ತೀರಾ ದೊಡ್ಡದಿದ್ದರೆ ಇದು ಫಲಿಸಲ್ಲ ಅಂತಲೂ ಎಚ್ಚರಿಸಿದ್ದ. ಸುಮಾರು 280 ವರ್ಷದ ನಂತರ ನನ್ನ ಮಗಳಿಗೆ ಬರೆದುಕೊಟ್ಟ ಚೀಟಿಯಲ್ಲೂ ಇದ್ದದ್ದು ಇದೇ. ಎಲ್ಲ ಮೆಳ್ಳಗಣ್ಣಿಗೂ ಇದೇ ಕಾರಣ ಅಲ್ಲ ಅಂತ ಆಮೇಲೆ ಗೊತ್ತಾಯ್ತು, ಆದರೆ ಅಳೆದು ನೋಡಿದನಲ್ಲ, ಅದು ಅವನ ದೊಡ್ಡತನ.

ನನಗೆ ಬುಫಾನ್‌ಗಿಂತ ಹತ್ತಿರ ಅನ್ನಿಸೋನು ಜಾರ್ಜ್ ಏರಿ. ಕೇಂಬ್ರಿಜ್‌ನ ಗಣಿತದ ಹುಡುಗ, ಮುಂದೆ 1835ರಿಂದ ಇಂಗ್ಲೆಂಡಿನ ರಾಜ ಖಗೋಳಜ್ಞ. ಹಿಮಾಲಯದಂಥ ಬೆಟ್ಟಗಳು ಕೆಳಗೆ ಬೇರುಬಿಟ್ಟು ತೇಲುತ್ತವೆ ಅಂತ 1855ರಲ್ಲಿ ಹೇಳಿದ ಏರಿಯೂ ಇವನೇ. ಭಾರತದ ಸರ್ವೇಯವರ ತೂಗುಗುಂಡಿನ ಲೆಕ್ಕ ತಾಳೆಯಾಗದ್ದಕ್ಕೆ ಅವನು ಕೊಟ್ಟ ವಿವರಣೆ ಅದು. ಅದಿರಲಿ, ಅವನ ಕಣ್ಣಿನ ಕತೆ ಕೇಳಿ. ಓದುವಾಗ ತಾನು ಎಡಗಣ್ಣನ್ನು ಬಳಸುತ್ತಲೇ ಇಲ್ಲ ಅನ್ನೋದು ಏರಿಗೆ ಗೊತ್ತಾದದ್ದು ದೊಡ್ಡವನಾದ ಮೇಲೆ. ಆ ಕಣ್ಣಿನಲ್ಲಿ ಮೂಡುವ ಚಿತ್ರ ಗಮನಕ್ಕೇ ಬರ್ತಿರಲಿಲ್ಲ, ಬೇಕಂತಲೇ ಮನಸ್ಸಿಟ್ಟು ಹುಡುಕಿದರೆ ಮಾತ್ರ ಸಿಗುತ್ತಿತ್ತು. ಇದು ಬರೀ ಅಭ್ಯಾಸದ ದೋಷ ಇರಬೇಕು ಅಂದುಕೊಂಡು ಬಲಗಣ್ಣು ಮರೆಮಾಡಿ ಓದೋಕೆ ಯತ್ನಿಸಿದ. ಪುಸ್ತಕವನ್ನು ಎಷ್ಟು ದೂರ ಹಿಡಿದರೂ ಒಂದಕ್ಷರ ತಿಳಿಯಲಿಲ್ಲ.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಈತ ಬಗ್ ಹಿಡಿಯೋ ಜಾತಿ. ದೂರದ ದೀಪದ ಚುಕ್ಕೆ ಎಡಗಣ್ಣಿಗೆ ದುಂಡಗೆ ಕಾಣದೆ ಮೊಟ್ಟೆಯಾಕಾರಕ್ಕೆ, ಓರೆಯಾಗಿ ಕಾಣುತ್ತೆ ಅಂತ ಗಮನಿಸಿದ. ರಟ್ಟಿನಲ್ಲಿ ಸೂಜಿತೂತು ಮಾಡಿ ಬೆಳಕಿಗೆ ಹಿಡಿದು, ಕಣ್ಣಿನಿಂದ ಹಿಂದೆಮುಂದೆ ಸರಿಸಿದ. ಆರು ಇಂಚಿನಲ್ಲಿ ಚುಕ್ಕೆ ಒಂದು ಗೆರೆಯಾಯ್ತು. ಮೂರೂವರೆ ಇಂಚಿನಲ್ಲಿ ಅದಕ್ಕೆ ಅಡ್ಡಲಾಗಿ ಇನ್ನೊಂದು ಗೆರೆಯಾಯ್ತು. ಅಂದರೆ ಆ ಕಣ್ಣು ಸಮೀಪದೃಷ್ಟಿಯದ್ದು, ಅದೂ ಎರಡು ದಿಕ್ಕಿಗೆ ಎರಡು ಬೇರೆ ಅಳತೆಯದ್ದು. ಈ ಎರಡು ಸಂಖ್ಯೆಯಿಂದ ಲೆಕ್ಕ ಹಾಕಿ, ಒಂದು ಮೈ ಗೋಳ, ಇನ್ನೊಂದು ಮೈ ಉರುಳೆಯಾಕಾರ ಇರುವ ಗಾಜು ಬೇಕು ಅಂತ ತೀರ್ಮಾನಿಸಿ, ಇಪ್ಸ್‌ವಿಚ್ ಊರಿನ ಫುಲ್ಲರ್ ಎಂಬ ಕುಶಲಕರ್ಮಿಯಿಂದ ಅರೆಸಿದ. ಹಾಕಿಕೊಂಡು ನೋಡಿದರೆ ಎಡಗಣ್ಣೂ ಓದಿತು! 1825ರ ಫೆಬ್ರವರಿಯಲ್ಲಿ ಕೇಂಬ್ರಿಜ್‌ನ ವಿದ್ವತ್ ಸಭೆಯಲ್ಲಿ ಇದನ್ನು ಓದಿ ಹೇಳಿದಾಗ ಅವನ ವಯಸ್ಸು 23. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್, ಆಕ್ಸಿಸ್ ಅಂತ ಎರಡು ಕಾಲಂ ಇರುತ್ತಲ್ಲ, ಅದರ ಮೂಲಪುರುಷ ಇವನು. ಅಷ್ಟು ಬುದ್ಧಿವಂತನಿಗೇ ತನ್ನದೇ ಒಂದು ಕಣ್ಣು ಕೆಲಸಕ್ಕಿಲ್ಲ ಅನ್ನೋದು ಅಷ್ಟು ವರ್ಷ ತಿಳಿದಿರಲಿಲ್ಲ. ಏಳು ವರ್ಷದ ಮಗುವಿಗೆ ಹೇಗೆ ತಿಳೀಬೇಕು? ಅವತ್ತಿನಿಂದ ಮನೆಯಲ್ಲಿ "ನಿನಗೆ ಯಾಕೆ ಗೊತ್ತಾಗಲಿಲ್ಲ" ಅಂತ ಅವಳನ್ನು ಕೇಳೋದು ಬಿಟ್ಟಿದ್ದೀವಿ.

ಆಮೇಲಿನದು ಬೇಗ ಹೇಳಿಬಿಡ್ತೀನಿ. ನೆದರ್‌ಲೆಂಡ್ಸ್‌ನ ಊಟ್ರೆಕ್ಟ್‌ನಲ್ಲಿ ಸ್ನೆಲ್ಲೆನ್ 1862ರಲ್ಲಿ ಈಗ ನಾವೆಲ್ಲ ಓದುವ ಅಕ್ಷರದ ಚಾರ್ಟ್ ಮಾಡಿದ. ಅವನ ಹಿರಿಯ ಡೊಂಡರ್ಸ್ 1864ರಲ್ಲಿ ಕಣ್ಣಿನ ದೋಷಗಳ ಮೇಲಿನ ದೊಡ್ಡ ಗ್ರಂಥ ತಂದ, ಎರಡು ಕಣ್ಣಿನ ವ್ಯತ್ಯಾಸಕ್ಕೂ ಅದರಲ್ಲಿ ಜಾಗ ಕೊಟ್ಟ. 1872ರಲ್ಲಿ ಮೊನೊಯೆ ಡಯಾಪ್ಟರ್ ಅನ್ನೋ ಮಾನ ಸೂಚಿಸಿದ.

ಡಯಾಪ್ಟರ್ ಅಂದರೆ ಸುಲಭ, ಒಂದನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಕಣ್ಣಿಗೆ ಎಲ್ಲಿಯವರೆಗೆ ಸ್ಪಷ್ಟ ಕಾಣುತ್ತೆ ಅನ್ನೋದು ಮೀಟರಿನಲ್ಲಿ ಸಿಗುತ್ತೆ. ಮೈನಸ್ 0.5 ಇರುವ ಮಗಳ ಬಲಗಣ್ಣಿಗೆ ಎರಡು ಮೀಟರ್. ಮೈನಸ್ 5.5 ಇರುವ ಎಡಗಣ್ಣಿಗೆ ಹದಿನೆಂಟು ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ. ಇಲ್ಲಿ ಒಂದು ಸೂಕ್ಷ್ಮ ಇದೆ. ವ್ಯತ್ಯಾಸ ಸಣ್ಣದಿದ್ದು, ಒಂದು ಕಣ್ಣು ಮೈನಸ್ ಎರಡೋ ಮೂರೋ ಇದ್ದರೆ ಮೆದುಳು ಕೆಲಸ ಹಂಚಿಬಿಡುತ್ತೆ, ಒಂದು ಕಣ್ಣು ದೂರಕ್ಕೆ, ಇನ್ನೊಂದು ಪುಸ್ತಕಕ್ಕೆ. ಎರಡಕ್ಕೂ ದಿನವೂ ಸ್ವಲ್ಪ ಕೆಲಸ ಸಿಗೋದರಿಂದ ಎರಡೂ ಬದುಕಿಕೊಳ್ಳುತ್ತವೆ. ದೂರದೃಷ್ಟಿಯ ವ್ಯತ್ಯಾಸದಲ್ಲಿ ಹಾಗಾಗಲ್ಲ, ಹೆಚ್ಚು ದೋಷದ ಕಣ್ಣಿಗೆ ಹತ್ತಿರವೂ ಮಬ್ಬು ದೂರವೂ ಮಬ್ಬು, ಹಾಗಾಗಿ ಒಂದೂವರೆ ಡಯಾಪ್ಟರ್ ಅಂತರವೇ ಅದನ್ನು ಸೋಮಾರಿ ಮಾಡಬಲ್ಲದು. ಸಮೀಪದೃಷ್ಟಿಯಲ್ಲೂ ಅಂತರ ಐದಕ್ಕೆ ಹೋದಾಗ, ಯಾವ ಮಗುವೂ ಪುಸ್ತಕವನ್ನು ಗೇಣಿಗಿಂತ ಹತ್ತಿರ ಹಿಡಿಯಲ್ಲವಾದ್ದರಿಂದ, ಆ ಕಣ್ಣಿಗೆ ಕೆಲಸವೇ ಇಲ್ಲದಂತಾಗುತ್ತೆ. ಗುಡ್ಡೆ ಉದ್ದವಾಗಿರೋದು ಎಷ್ಟು ಗೊತ್ತಾ? ಐದು ಡಯಾಪ್ಟರಿಗೆ ಸುಮಾರು ಎರಡು ಮಿಲಿಮೀಟರ್.

ಕೆಲಸವಿಲ್ಲದ ಕಣ್ಣಿಗೆ ಏನಾಗುತ್ತೆ ಅನ್ನೋದನ್ನು ತೋರಿಸಿದ್ದು ಬೆಕ್ಕಿನ ಮರಿಗಳು. ಡೇವಿಡ್ ಹ್ಯೂಬೆಲ್, ಟಾರ್ಸ್ಟೆನ್ ವೀಸೆಲ್ ಇಬ್ಬರೂ 1963ರಲ್ಲಿ ಪ್ರಕಟಿಸಿದ ಪ್ರಯೋಗ ಓದೋಕೆ ಹಿಂಸೆ ಅನ್ನಿಸುತ್ತೆ. ಹುಟ್ಟಿದ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು, ತಿಂಗಳುಗಳ ನಂತರ ಬಿಚ್ಚಿದರು. ಕಣ್ಣು ಸರಿ ಇದೆ, ಅಕ್ಷಿಪಟಲ ಸರಿ ಇದೆ. ಆದರೆ ಮೆದುಳಿನ ದೃಷ್ಟಿಭಾಗದ ಕೋಶಗಳು ಆ ಕಣ್ಣಿಗೆ ಉತ್ತರವನ್ನೇ ಕೊಡ್ತಿಲ್ಲ. ಅದರ ಜಾಗವನ್ನೂ ಇನ್ನೊಂದು ಕಣ್ಣು ಆಕ್ರಮಿಸಿಕೊಂಡಿದೆ. ದೊಡ್ಡ ಬೆಕ್ಕಿನಲ್ಲಿ ಹೀಗೇ ಮಾಡಿದರೆ ಏನೂ ಆಗಲಿಲ್ಲ. ಅಂದರೆ ವಯಸ್ಸಿನ ಒಂದು ಕಿಟಕಿ ಇದೆ, ಅಷ್ಟರೊಳಗೆ ಕಣ್ಣು ಮತ್ತು ಮೆದುಳಿನ ತಂತಿ ಕೂಡಬೇಕು. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಸೋಮಾರಿ ಕಣ್ಣು ಅಥವಾ ಆಂಬ್ಲಿಯೋಪಿಯಾ ಅಂತ ಕರೆಯೋದು ಇದನ್ನೇ, ಕನ್ನಡಕ ಹಾಕಿದ ಮೇಲೂ ಪೂರ್ತಿ ಕಾಣದ ಕಣ್ಣು. ಗಾಜು ಬೆಳಕನ್ನು ಸರಿಮಾಡುತ್ತೆ, ಮೆದುಳಿಗೆ ಅಭ್ಯಾಸ ಇಲ್ಲದ್ದನ್ನು ಅದು ಕಲಿಸಲ್ಲ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ದೇಶದಲ್ಲಿ ಕಣ್ಣಿನ ಚಿಕಿತ್ಸೆಯ ಇತಿಹಾಸ ಅಂದರೆ ಬಹುಪಾಲು ಪೊರೆಯ ಇತಿಹಾಸ, ಅಜ್ಜ ಅಜ್ಜಿಯರ ಇತಿಹಾಸ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಹೆಸರು ಕೇಳದ ಉತ್ತರ ಕರ್ನಾಟಕದ ಮನೆ ಇಲ್ಲ. ಊರೂರಿಗೆ ಹೋಗಿ, ಸಾಲಾಗಿ ಮಲಗಿಸಿ, ಒಂದೇ ದಿನಕ್ಕೆ ನೂರಾರು ಜನರ ಪೊರೆ ತೆಗೆದವರು. 1976ರಲ್ಲಿ ಕೇಂದ್ರ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. 1994ರಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ಆಂಧ್ರವೂ ಸೇರಿ 7 ರಾಜ್ಯಗಳಲ್ಲಿ ದೊಡ್ಡ ಯೋಜನೆ ಬಂತು, ಅದರ ಹೆಸರಿನಲ್ಲೇ ಪೊರೆ ಇತ್ತು. ಇದರಲ್ಲಿ ತಪ್ಪೇನಿಲ್ಲ, ಕುರುಡುತನಕ್ಕೆ ದೊಡ್ಡ ಕಾರಣ ಅದೇ ಆಗಿತ್ತು. ಆದರೆ ಎಲ್ಲ ಲೆಕ್ಕದ ಅಡಿಯಲ್ಲಿ ಒಂದು ಸಣ್ಣ ಷರತ್ತು ಇತ್ತು, ಅದನ್ನು ನಾನು ಮಗಳ ದೆಸೆಯಿಂದ ಓದಿದೆ. ಅಂಧತ್ವವನ್ನು ಅಳೆಯೋದು 'ಹೆಚ್ಚು ಚೆನ್ನಾಗಿರುವ ಕಣ್ಣಿನಿಂದ'. ಆ ಕಣ್ಣಿನ ದೃಷ್ಟಿ 6/60ಕ್ಕಿಂತ ಕಡಿಮೆ ಇದ್ದರೆ ಮಾತ್ರ ಅಂಧರು. 2017ರಲ್ಲಿ ಈ ಗಡಿಯನ್ನು 3/60ಕ್ಕೆ ಬದಲಿಸಿದರು, 'ಚೆನ್ನಾಗಿರುವ ಕಣ್ಣು' ಅನ್ನೋದು ಹಾಗೇ ಉಳೀತು. ಅಂಗವೈಕಲ್ಯದ ಮಾರ್ಗಸೂಚಿಯಲ್ಲೂ ಒಂದು ಕಣ್ಣು ಪೂರ್ತಿ ಹೋದವರಿಗೆ 30 ಪರ್ಸೆಂಟ್, ಸೌಲಭ್ಯಕ್ಕೆ ಬೇಕಾದ್ದು 40. ಇದು ಅನ್ಯಾಯ ಅಂತ ನಾನು ಹೇಳ್ತಿಲ್ಲ, ಎರಡೂ ಕಣ್ಣು ಕಾಣದವರ ಕಷ್ಟದ ಮುಂದೆ ಇದು ಏನೂ ಅಲ್ಲ. ಆದರೆ ಎಣಿಸುವ ವಿಧಾನವೇ ಹೀಗಿದ್ದಾಗ, ಒಂದು ಕಣ್ಣು ಮಂದವಾದ ಮಗು ಯಾರ ಲೆಕ್ಕಕ್ಕೂ ಬರಲ್ಲ. ನಾನು ಮೇಲೆ ಹೇಳಿದ ಹಸಿರು ಡ್ಯಾಶ್‌ಬೋರ್ಡ್ ಇದೇ.

ಇಲ್ಲಿ ಹೈದರಾಬಾದಿನ ಪಾತ್ರ ಬರುತ್ತೆ. ಬಂಜಾರಾ ಹಿಲ್ಸ್ ರೋಡ್ ನಂಬರ್ 2ರಲ್ಲಿರುವ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ಮುಂದೆ ನಾವೆಲ್ಲ ಟ್ರಾಫಿಕ್ಕಿನಲ್ಲಿ ನಿಂತಿದ್ದೀವಿ. ಎಲ್. ವಿ. ಪ್ರಸಾದ್ ಸಿನಿಮಾದವರು. 1931ರ ಆಲಂ ಆರಾ, ಅದೇ ವರ್ಷದ ಕಾಳಿದಾಸ್, 1932ರ ಭಕ್ತ ಪ್ರಹ್ಲಾದ, ಹೀಗೆ ಹಿಂದಿ, ತಮಿಳು, ತೆಲುಗಿನ ಮೊದಲ ಮೂರೂ ಟಾಕಿಗಳಲ್ಲಿ ನಟಿಸಿದವರು. ಅಮೆರಿಕದ ರಾಚೆಸ್ಟರ್‌ನಲ್ಲಿ ಕೆಲಸ ಮಾಡಿ ವಾಪಸ್ ಬಂದ ಡಾ. ಗುಲ್ಲಪಲ್ಲಿ ನಾಗೇಶ್ವರ ರಾವ್ ಅವರಿಗೆ ಐದು ಎಕರೆ ಜಾಗ, ಒಂದು ಕೋಟಿ ರೂಪಾಯಿ ಕೊಟ್ಟರು. 1987ರಲ್ಲಿ ಸಂಸ್ಥೆ ಕೆಲಸ ಶುರುಮಾಡಿತು. ನೆಕ್ಲೆಸ್ ರೋಡ್ ಪಕ್ಕದ ಪ್ರಸಾದ್ಸ್ ಇದೆಯಲ್ಲ, ಅದೂ ಅದೇ ಕುಟುಂಬದ್ದು. ನನ್ನ ಮಗಳು ಅಲ್ಲಿ ತ್ರೀಡಿ ಸಿನಿಮಾ ನೋಡಿ "ಕನ್ನಡಕ ಯಾಕೆ ಕೊಟ್ರು, ಎಲ್ಲ ಮಾಮೂಲೇ ಕಾಣ್ತಲ್ಲ" ಅಂದಿದ್ದಳು. ಆಳ ಕಾಣೋಕೆ ಎರಡು ಕಣ್ಣಿನ ಚಿತ್ರವೂ ಬೇಕು. ಆ ಮಾತಿಗೆ ನಾವು ನಕ್ಕಿದ್ದೆವು. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ಈ ಸಂಸ್ಥೆಯವರು 1996ರಿಂದ 2000ದವರೆಗೆ ಒಂದು ಮನೆಮನೆ ಸಮೀಕ್ಷೆ ಮಾಡಿದರು. ಹೈದರಾಬಾದ್ ನಗರ, ಪಶ್ಚಿಮ ಗೋದಾವರಿ, ಆದಿಲಾಬಾದ್, ಮಹಬೂಬ್‌ನಗರ. ಒಟ್ಟು 10,293 ಜನರ ಕಣ್ಣು ನೋಡಿದರು. ಹೈದರಾಬಾದಿನ ಭಾಗ ಮುಗಿಯುತ್ತಿದ್ದಂತೆ, 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲಲಿತ್ ದಂಡೋನಾ ಮತ್ತು ಸಂಗಡಿಗರು ಒಂದು ಲೇಖನ ಬರೆದರು. ಶೀರ್ಷಿಕೆಯೇ ಒಂದು ಪ್ರಶ್ನೆ. ಭಾರತದ ನೇತ್ರನೀತಿ ಹೆಚ್ಚುಕಮ್ಮಿ ಪೊರೆಯ ಮೇಲಷ್ಟೇ ಗಮನ ಇಟ್ಟಿರುವುದು ಸಾಕೇ ಅಂತ. ಸಾಕಾಗಲ್ಲ ಅಂತ ಅವರ ಉತ್ತರ. ಕನ್ನಡಕದಿಂದ ಸರಿಹೋಗುವ ದೋಷವೂ ಜನರನ್ನು ಕುರುಡರನ್ನಾಗಿ ಇಟ್ಟಿದೆ ಅಂತ ಸಂಖ್ಯೆಯಲ್ಲಿ ತೋರಿಸಿದರು.

ಅದರ ಬೆನ್ನಿಗೇ ಮಕ್ಕಳ ಸರದಿ ಬಂತು. ಆ ಹೊತ್ತಿಗೆ ನೇಪಾಳ, ಚೀನಾ, ಚಿಲಿಗಳಲ್ಲಿ ಮಕ್ಕಳ ಕಣ್ಣನ್ನು ಒಂದೇ ಕ್ರಮದಲ್ಲಿ ಅಳೆಯುವ ಸಮೀಕ್ಷೆಗಳು ನಡೆದಿದ್ದವು. ಎಲ್ಲ ಕಡೆ ಒಂದೇ ಚಾರ್ಟ್, ಒಂದೇ ದೂರ, ಒಂದೊಂದೇ ಕಣ್ಣು, ಹನಿ ಹಾಕಿದ ಮೇಲಿನ ಅಳತೆ. ಭಾರತದಲ್ಲಿ ಇದಕ್ಕೆ ಎರಡು ಜಾಗ ಆರಿಸಿದರು, ದೆಹಲಿ ನಗರ ಮತ್ತು ಮಹಬೂಬ್‌ನಗರ ಜಿಲ್ಲೆಯ ಹಳ್ಳಿಗಳು. ನಮ್ಮ ರಾಯಚೂರಿನವರಿಗೆ ಮಹಬೂಬ್‌ನಗರ ಅಂದರೆ ದಾರಿಯ ಊರು. ಕೃಷ್ಣಾ ಸೇತುವೆ ದಾಟಿ, ಮಕ್ತಲ್‌ನಲ್ಲಿ ಚಹಾ ಕುಡಿದು, ಪಾಲಮೂರಿನ ಬರಡು ನೆಲ ನೋಡುತ್ತಾ ಹೈದರಾಬಾದ್ ಸೇರ್ತೀವಿ. ಹೊಳೆಯ ಆಚೆ ಈಚೆ ಕನ್ನಡ, ತೆಲುಗು ಎರಡೂ ಮಾತಾಡುವ ಹಳ್ಳಿಗಳು, 1956ರವರೆಗೆ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯ. ಹಾಗಾಗಿ ಈ ಸಮೀಕ್ಷೆಯನ್ನು ನಮ್ಮ ಮಕ್ಕಳದ್ದೇ ಅಂತ ಓದಿದೆ ನಾನು.

2002ರಲ್ಲಿ ಬಂದ ಫಲಿತಾಂಶ ಇದು. 7ರಿಂದ 15 ವರ್ಷದ 4,074 ಮಕ್ಕಳನ್ನು ಪರೀಕ್ಷಿಸಿದ್ದರು. ಸಮೀಪದೃಷ್ಟಿ ಇದ್ದವರು ಶೇಕಡಾ 4.1. ಚೆನ್ನಾಗಿರುವ ಕಣ್ಣಿನಲ್ಲೂ ಕನ್ನಡಕವಿಲ್ಲದೆ ದೃಷ್ಟಿ ಸಾಕಷ್ಟಿಲ್ಲದವರು ಶೇಕಡಾ 2.7. ಇಲ್ಲಿಯವರೆಗೆ ಮಾಮೂಲು ಲೆಕ್ಕ. ನನಗೆ ಮುಖ್ಯ ಅನ್ನಿಸಿದ್ದು ಮುಂದಿನ ಸಾಲು, ಯಾಕೆಂದರೆ ಅಲ್ಲಿ ಎಣಿಸಿದ್ದು ಮಕ್ಕಳನ್ನಲ್ಲ, ಕಣ್ಣುಗಳನ್ನು. ದೃಷ್ಟಿ ಕಡಿಮೆ ಇದ್ದ ಕಣ್ಣುಗಳಲ್ಲಿ ಶೇಕಡಾ 61ರಷ್ಟಕ್ಕೆ ಕಾರಣ ಬರೀ ಕನ್ನಡಕದ ನಂಬರ್. ಶೇಕಡಾ 12ರಷ್ಟಕ್ಕೆ ಆಂಬ್ಲಿಯೋಪಿಯಾ. ಅಂದರೆ ಎಂಟು ಮಂದ ಕಣ್ಣುಗಳಲ್ಲಿ ಒಂದು ಹತ್ತಿರಹತ್ತಿರ. ಇದೇ ಕ್ರಮದಲ್ಲಿ ದೆಹಲಿಯಲ್ಲಿ ಅಳೆದಾಗ ಸಮೀಪದೃಷ್ಟಿ ಶೇಕಡಾ 7.4, ಆದರೆ ಮಂದ ಕಣ್ಣುಗಳಲ್ಲಿ ಆಂಬ್ಲಿಯೋಪಿಯಾ ಪಾಲು ಶೇಕಡಾ 4.4 ಮಾತ್ರ. ಸಮೀಪದೃಷ್ಟಿ ಪಟ್ಟಣದಲ್ಲಿ ಹೆಚ್ಚು, ಕಿಟಕಿ ಮುಚ್ಚಿಹೋದ ಕಣ್ಣು ಹಳ್ಳಿಯಲ್ಲಿ ಹೆಚ್ಚು. ದೆಹಲಿಯ ಮಕ್ಕಳ ಮೂಗಿನ ಮೇಲೆ ಕನ್ನಡಕ ಬೇಗ ಬಂದಿರಬೇಕು, ಇದು ನನ್ನ ಊಹೆ ಅಷ್ಟೇ.

ತೆಲಂಗಾಣ ಆದ ಮೇಲೆ 2018ರ ಆಗಸ್ಟ್ 15ರಂದು ಮೆದಕ್ ಜಿಲ್ಲೆಯ ಮಲ್ಕಾಪುರದಲ್ಲಿ ಕಂಟಿ ವೆಲುಗು ಶುರುವಾಯ್ತು. ಒಂದೂವರೆ ಕೋಟಿಗೂ ಹೆಚ್ಚು ಜನರ ಕಣ್ಣು ನೋಡಿದ ಕಾರ್ಯಕ್ರಮ. 2023ರ ಜನವರಿಯಲ್ಲಿ ಖಮ್ಮಂನಲ್ಲಿ ಎರಡನೇ ಸುತ್ತು. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಓದುವ ಕನ್ನಡಕ ತಂದುಕೊಂಡದ್ದು ಅಲ್ಲಿಂದಲೇ. ಟೆಕ್ಕಿಗಳಾದ ನಾವು ಯಾರೂ ಆ ಕ್ಯೂನಲ್ಲಿ ನಿಲ್ಲಲಿಲ್ಲ, ಮಕ್ಕಳನ್ನೂ ನಿಲ್ಲಿಸಲಿಲ್ಲ. ನಮಗೆ ಕಂಪನಿಯ ಇನ್ಶೂರೆನ್ಸ್ ಇದೆ ನೋಡಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಏಳು ವರ್ಷಕ್ಕೆ ಗೊತ್ತಾದರೆ ತಡವಾಯ್ತಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಮ್ಮತ್ತೆ ಫೋನಿನಲ್ಲೇ ಅತ್ತುಬಿಟ್ಟರು. ಹಳೆಯ ವೈದ್ಯರೂ ಹಾಗೇ ನಂಬಿದ್ದರು, ಏಳೆಂಟಾದ ಮೇಲೆ ಪ್ರಯೋಜನ ಇಲ್ಲ ಅಂತ. ಅಮೆರಿಕದ ಮಕ್ಕಳ ಕಣ್ಣಿನ ವೈದ್ಯರ ಒಂದು ತಂಡ ಇದನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ ನೋಡಿತು. 2003ರಲ್ಲಿ 189 ಮಕ್ಕಳ ಮೇಲೆ: ಮಧ್ಯಮ ಮಟ್ಟದ ಸೋಮಾರಿ ಕಣ್ಣಿಗೆ ದಿನಕ್ಕೆ ಆರು ಗಂಟೆ ಪಟ್ಟಿ ಕಟ್ಟಿದರೂ ಎರಡು ಗಂಟೆ ಕಟ್ಟಿದರೂ ಫಲ ಹೆಚ್ಚುಕಮ್ಮಿ ಒಂದೇ. 2006ರಲ್ಲಿ, ಬರೀ ನಂಬರ್ ವ್ಯತ್ಯಾಸದಿಂದ ಸೋಮಾರಿಯಾದ 84 ಮಕ್ಕಳಿಗೆ ಪಟ್ಟಿಯೇ ಇಲ್ಲದೆ ಕನ್ನಡಕ ಮಾತ್ರ ಕೊಟ್ಟರು. ಶೇಕಡಾ 77 ಮಕ್ಕಳು ಚಾರ್ಟಿನಲ್ಲಿ ಎರಡು ಸಾಲೋ ಅದಕ್ಕಿಂತ ಹೆಚ್ಚೋ ಕೆಳಗಿಳಿದರು, ಶೇಕಡಾ 27 ಮಕ್ಕಳಿಗೆ ಪೂರ್ತಿ ಸರಿಹೋಯ್ತು. ನಮ್ಮತ್ತೆಗೆ ನಾನು ಓದಿ ಹೇಳಿದ್ದು 2005ರದ್ದು. 7ರಿಂದ 12 ವರ್ಷದವರಲ್ಲಿ ಕನ್ನಡಕದ ಜೊತೆ ಪಟ್ಟಿ ಮತ್ತು ಆಟ್ರೋಪಿನ್ ಹನಿ ಕೊಟ್ಟಾಗ ಶೇಕಡಾ 53 ಮಕ್ಕಳ ಕಣ್ಣು ಗಣನೀಯವಾಗಿ ಸುಧಾರಿಸಿತು, ಕನ್ನಡಕ ಮಾತ್ರ ಕೊಟ್ಟವರಲ್ಲಿ ಶೇಕಡಾ 25. ಮರವೂ ಸ್ವಲ್ಪ ಬಗ್ಗುತ್ತೆ. "ಸ್ವಲ್ಪ ಅಂದ್ರೆ ಎಷ್ಟು?" ಅಂದರು ಅತ್ತೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕನ್ನಡಕದ್ದೇ ಒಂದು ಕತೆ. ಒಂದು ಕಡೆ ತೆಳು ಗಾಜು, ಇನ್ನೊಂದು ಕಡೆ ದಪ್ಪ. ದಪ್ಪ ಮೈನಸ್ ಗಾಜಿನ ಹಿಂದೆ ಕಣ್ಣು ಚಿಕ್ಕದಾಗಿ ಕಾಣುತ್ತೆ. "ಹೆಣ್ಣುಮಗು, ಮುಂದೆ ಹೆಂಗೆ" ಅಂತ ಊರಿನವರು. ಮೊದಲ ಎರಡು ವಾರ ಮೆಟ್ಟಿಲು ಇಳಿಯುವಾಗ ತಡವರಿಸಿದಳು, ಆಮೇಲೆ ಮರೆತೇಬಿಟ್ಟಳು. ದೊಡ್ಡವರಿಗೆ ಇಷ್ಟು ವ್ಯತ್ಯಾಸದ ಕನ್ನಡಕ ಕೊಟ್ಟರೆ ತಲೆ ತಿರುಗುತ್ತೆ, ಮಕ್ಕಳು ಹೊಂದಿಕೊಳ್ತಾರೆ.

ನಾಲ್ಕು ತಿಂಗಳು ಕನ್ನಡಕ ಮಾತ್ರ. 6/18ಕ್ಕೆ ಬಂತು. ಆಮೇಲೆ ದಿನಾ ಸಂಜೆ ಎರಡು ಗಂಟೆ ಬಲಗಣ್ಣಿಗೆ ಅಂಟುಪಟ್ಟಿ. ಆ ಹೊತ್ತಿನಲ್ಲಿ ಹತ್ತಿರದ ಕೆಲಸ ಮಾಡಿಸಿ ಅಂದಿದ್ದರು. ಶಾಲೆಯಲ್ಲಿ ತೆಲುಗು, ಹಿಂದಿ ಕಲೀತಾಳೆ, ಕನ್ನಡ ಮನೆಯಲ್ಲೇ ಕಲಿಸಬೇಕು ಅಂತ ಮೂರು ವರ್ಷದಿಂದ ಮುಂದೂಡ್ತಾ ಬಂದಿದ್ದೆವು. ಆ ಎರಡು ಗಂಟೆ ಅದಕ್ಕೆ ಸಿಕ್ಕಿತು. ಹಾಗಾಗಿ ನನ್ನ ಮಗಳು ಕನ್ನಡ ಅಕ್ಷರ ಕಲಿತದ್ದು ಪೂರ್ತಿ ಎಡಗಣ್ಣಿನಲ್ಲಿ. ಪ, ಷ, ಫ ಮೂರನ್ನೂ ಮೊದಲು ಒಂದೇ ಅಂತ ಓದುತ್ತಿದ್ದಳು, ಹೊಟ್ಟೆಯೊಳಗಿನ ಗೀಟು ಅವಳಿಗೆ ಕಾಣ್ತಿರಲಿಲ್ಲ. ಈಗ ಕಾಣುತ್ತೆ. ಹೋದ ತಿಂಗಳು 6/12. ತ್ರೀಡಿ ಇನ್ನೂ ಅಷ್ಟಕ್ಕಷ್ಟೆ. ಗುಡ್ಡೆ ಬೆಳೆಯೋದು ನಿಧಾನ ಮಾಡೋಕೆ ಬಿಸಿಲಿನಲ್ಲಿ ಆಡಿಸಿ ಅಂತ ಬೇರೆ ಹೇಳಿದ್ದಾರೆ. ಏಪ್ರಿಲ್ ತಿಂಗಳ ಹೈದರಾಬಾದಿನಲ್ಲಿ ಬಿಸಿಲಿಗೆ ಬರ ಇಲ್ಲ ಬಿಡಿ.

ಈ ಸಲ ದಸರೆಗೆ ರಾಯಚೂರಿಗೆ ಹೋದಾಗ, ನಾಲ್ಕು ದಿಕ್ಕಿಗೆ ತಿರುಗಿದ ಇಂಗ್ಲಿಷ್ 'ಇ' ಅಕ್ಷರಗಳ ಚಾರ್ಟ್ ಪ್ರಿಂಟ್ ಮಾಡಿಸಿ ಪಡಸಾಲೆ ಗೋಡೆಗೆ ಅಂಟಿಸಿದೆ. ಆರು ಮೀಟರ್ ಟೇಪ್ ಹಿಡಿದು ಅಳೆದೆ. ಕೈಯಿಂದ ಮುಚ್ಚಿಸಲಿಲ್ಲ, ಹತ್ತಿ ಇಟ್ಟು ಅಂಟುಪಟ್ಟಿ ಹಾಕಿದೆ. ಮನೆಯಲ್ಲಿ ಐದು ಮಕ್ಕಳು ಸೇರಿದ್ದವು, ನಾಲ್ಕಕ್ಕೆ ಏನೂ ತೊಂದರೆ ಇರಲಿಲ್ಲ. ಐದನೆಯದು ತಮ್ಮನ ಮಗ, ನಾಲ್ಕು ವರ್ಷ. ಎಡಗಣ್ಣು ಮುಚ್ಚಿದಾಗ ಸುಮ್ಮನೆ ಕೂತು ಆಡಿಕೊಂಡಿದ್ದ. ಬಲಗಣ್ಣು ಮುಚ್ಚಿದ ತಕ್ಷಣ ಪಟ್ಟಿ ಕಿತ್ತು ಎಸೆದು ಅತ್ತ. ಎರಡು ಸಲ ಮಾಡಿದೆ, ಎರಡು ಸಲವೂ ಹಾಗೇ. ಹಟ ಮಾಡ್ತಾನೆ ಅಂದಳು ಅವನ ಅಮ್ಮ. ಇರಬಹುದು. ಮುಂದಿನ ಶನಿವಾರ ಬೆಳಗಿನ ಬಸ್ಸಿಗೆ ಹೈದರಾಬಾದಿಗೆ ಬರ್ತಿದ್ದಾರೆ.